ಬೀಗ ಹಾಕಿದ ಬಾನೆಟ್ಟು

ಬಾನೆಟ್ಟಿಗೆ ಬೀಗ ಹಾಕಿದ ಕಾರು ಆ ಬಯಲಿನಲ್ಲಿ ನಮ್ಮದೊಂದೇ. ಉಳಿದ ಎಂಟು ಕಾರುಗಳ ಬಾನೆಟ್ಟುಗಳು ಬೆಳಗ್ಗೆ ಏಳಕ್ಕೇ ಬಾಯಿ ತೆರೆದುಕೊಂಡಿದ್ದವು. ಬಂದವರು ಹೋದವರೆಲ್ಲ ಇಣುಕುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು, ಬೆರಳಿಟ್ಟು ಮುಟ್ಟಿಯೂ ನೋಡುತ್ತಿದ್ದರು. ನಮ್ಮದಕ್ಕೆ ನಾನು ಎರಡು ಕೊಂಡಿ ಬೆಸೆದು, ಬೋಟಿನ ಡೀಸೆಲ್ ಟಾಂಕಿಗೆ ಹಾಕುವಂಥ ಹಿತ್ತಾಳೆ ಬೀಗ ಜಡಿದು, ಕೀಲಿಯನ್ನು ಕೊರಳಿನ ದಾರಕ್ಕೆ ಕಟ್ಟಿಕೊಂಡಿದ್ದೆ. ಓಟಕ್ಕೆ ಮುಂಚೆ ತಪಾಸಣೆಗೆ ಬಂದ ಪರೀಕ್ಷಕರು ಬೀಗ ನೋಡಿ ನಕ್ಕರು.

"ಒಳಗೆ ಬೆಂಕಿ ಹತ್ತಿದ್ರೆ ಕೀಲಿ ಹುಡುಕ್ತಾ ಇರ್ತೀರಾ? ತೆಗೀರಿ."

ತೆಗೆದೆ. ಬೀಗ ಹೋದರೂ ನಿಯಮ ಹೋಗಲಿಲ್ಲ. ನಮ್ಮ ತಂಡದವರಿಗೆ ಮೊದಲೇ ಹೇಳಿಟ್ಟಿದ್ದೆ: ಬಾನೆಟ್ಟಿನ ಕೆಳಗೆ ನನ್ನ ಕೈ ಬಿಟ್ಟು ಇನ್ನೊಂದು ಕೈ ಹೋಗಕೂಡದು. ಗಾಳಿ ಹಾಕುವುದು, ಗಾಜು ಒರೆಸುವುದು, ಡೀಸೆಲ್ ತುಂಬುವುದು ಯಾರು ಬೇಕಾದರೂ ಮಾಡಲಿ, ಇಂಜಿನ್ ಮಾತ್ರ ನನ್ನದು. ಬೈತಖೋಲ ಬಂದರಿನಲ್ಲಿ ಟ್ರಾಲರ್ ಬೋಟುಗಳ ಇಂಜಿನ್ ರಿಪೇರಿ ನನ್ನ ಕೆಲಸ. ಆ ದಕ್ಕೆಯಲ್ಲಿ ಕಣ್ಣು ಮುಚ್ಚಿ ನಂಬಿದವನ ಹತ್ತಿರ ಸ್ಪ್ಯಾನರ್ ಕೂಡ ಉಳಿಯುವುದಿಲ್ಲ ಎಂದು ನಾನು ಹೇಳಿದರೆ, ನಿನ್ನ ಹತ್ತಿರ ಸ್ಪ್ಯಾನರ್ ಮಾತ್ರ ಉಳಿದಿದೆ, ಜನ ಉಳಿದಿಲ್ಲ ಎಂದು ಅಕ್ಕ ಹೇಳುತ್ತಾಳೆ.

ಓಟದ ಕತೆ ಇಷ್ಟು. ಬೇಲೆಕೇರಿಯ ಹತ್ತಿರ ಒಂದು ಕಾಲದಲ್ಲಿ ಅದಿರು ರಾಶಿ ಹಾಕುತ್ತಿದ್ದ ಬಯಲಿದೆ. ಈಗಲೂ ಕಾಲಿನಿಂದ ಕೆದರಿದರೆ ಕೆಂಪು ಪುಡಿ ಏಳುತ್ತದೆ. ಹಳೇ ಕಾರುಗಳ ಹುಚ್ಚು ಹಿಡಿದ ನಾಲ್ಕೈದು ಜನ ಸೇರಿ ಅಲ್ಲಿ ಟೈರು, ಡ್ರಮ್ಮು ಇಟ್ಟು ಸುತ್ತು ಹಾದಿ ಮಾಡಿದ್ದರು. ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರ ತನಕ ಓಡಿಸಬೇಕು. ಕಾರು ಯಾರಿಗೂ ಬೇಡವಾಗಿ ಮೂಲೆಗೆ ಬಿದ್ದಂಥದ್ದೇ ಆಗಬೇಕು, ರಿಪೇರಿ ತಂಡದವರದೇ ಕೈಯಿಂದ ಆಗಬೇಕು. ಒಬ್ಬ ಡ್ರೈವರ್ ಒಂದು ಸಲಕ್ಕೆ ಒಂದು ತಾಸು ಮಾತ್ರ ಓಡಿಸಬಹುದು, ಆಮೇಲೆ ಒಂದು ತಾಸು ಇಳಿದು ಕೂರಲೇಬೇಕು. ತಾಸಿಗೊಮ್ಮೆ ಗಾಡಿ ಹಾದಿ ಬಿಟ್ಟು ತಂಡದ ಚಪ್ಪರದ ಹತ್ತಿರ ಒಳಗೆ ಬಂದು, ಇಂಜಿನ್ ಬಂದ್ ಮಾಡಿ, ಕನಿಷ್ಠ ಐದು ನಿಮಿಷ ನಿಲ್ಲಬೇಕು. ಬೆಂಕಿಯ ಭಯಕ್ಕೆ ಟಾಂಕಿಯಲ್ಲಿ ಒಂದು ತಾಸಿಗೆ ಸಾಲುವಷ್ಟೇ ಡೀಸೆಲ್. ಹೆಚ್ಚು ಸುತ್ತು ಹಾಕಿದವರು ಗೆದ್ದಂತೆ. ಆದರೆ ಅಲ್ಲಿ ಜನ ಮರ್ಯಾದೆ ಕೊಡುವುದು, ನಾಲ್ಕು ಗಂಟೆಗೆ ಬಾವುಟ ಬೀಳುವಾಗ ಸ್ವಂತ ಚಕ್ರದ ಮೇಲೆ ಗೆರೆ ದಾಟಿದ ಗಾಡಿಗೆ.

ನಮ್ಮ ತಂಡದಲ್ಲಿ ಮೂವರು. ಇಂಜಿನ್ನಿಗೆ ನಾನು. ಓಡಿಸುವುದಕ್ಕೆ ಇಬ್ಬರು: ಒಬ್ಬರು ನನ್ನ ಅಕ್ಕನ ಗಂಡ, ಕೈಗಾ ಅಣುಸ್ಥಾವರದ ಸಿಬ್ಬಂದಿಯನ್ನು ಕರೆದೊಯ್ಯುವ ಬಸ್ಸಿನ ಡ್ರೈವರ್. ಇನ್ನೊಬ್ಬರು ಅದೇ ಬಸ್ಸಿನಲ್ಲಿ ದಿನಾ ಹೋಗಿಬರುವ ಟೆಕ್ನಿಷಿಯನ್, ದಾಂಡೇಲಿ ಕಡೆಯ ಹೆಣ್ಣುಮಗಳು. ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಗೇರು ಬದಲಿಸುವುದನ್ನೇ ನೋಡುತ್ತಿದ್ದವರು ಒಂದು ದಿನ ಈ ಓಟದ ಸುದ್ದಿ ತಂದರಂತೆ. ಭಾವ ಅವರನ್ನು ಮೇಡಂ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ.

ಭಾವನಿಗೂ ನನಗೂ ಎರಡು ವರ್ಷ ಮಾತಿರಲಿಲ್ಲ. ಕಾರಣ ಚಿಕ್ಕದು, ನಾನು ಅದನ್ನು ದೊಡ್ಡದು ಮಾಡಿಕೊಂಡಿದ್ದೆ. ಬೈತಖೋಲದ ಒಬ್ಬ ತಾಂಡೇಲ, ಎಂದರೆ ಬೋಟು ನಡೆಸುವ ಯಜಮಾನ, ವರ್ಷಗಟ್ಟಲೆ ನನ್ನ ಹತ್ತಿರ ಕೊಡುತ್ತಿದ್ದ ಇಂಜಿನ್ ಕೆಲಸವನ್ನು ಒಮ್ಮೆಲೇ ಬೇರೆಯವರಿಗೆ ಕೊಟ್ಟ. ಅದರ ಹಿಂದಿನ ದಿನ ಭಾವ ಅವನ ಜೊತೆ ಚಾ ಕುಡಿಯುತ್ತಿದ್ದುದನ್ನು ನಾನು ನೋಡಿದ್ದೆ. ಕೇಳಲಿಲ್ಲ. ಮಾತು ಬಿಟ್ಟೆ. ಈ ಓಟದ ನೆಪದಲ್ಲಿ ಅಕ್ಕನೇ ನಮ್ಮನ್ನು ಮತ್ತೆ ಒಂದೇ ಶೆಡ್ಡಿನೊಳಗೆ ನಿಲ್ಲಿಸಿದಳು. ನಿಲ್ಲಿಸುವ ಮೊದಲು ನನ್ನನ್ನು ಬದಿಗೆ ಕರೆದು ಹೇಳಿದಳು.

"ಅವ್ರು ಬತ್ತೆ ಹೇಳಿದಾರೆ. ಈ ಸಲ ನಿನ್ನ ಸಂಶಯ ಶುರು ಮಾಡ್ದೆ ಹೇಳಿ ಆದ್ರೆ, ನಿನ್ನ ಮನೆ ಹೊಸ್ಲು ನಾ ತುಳಿಯೂದಿಲ್ಲ. ನೀನೂ ನಮ್ಮನೆಗೆ ಬರೂದು ಬ್ಯಾಡ. ಮತೆ ಹೇಳ್ಲಿಲ್ಲ ಅನ್ಬೇಡ."

ಅಪ್ಪ ಅಮ್ಮ ಹೋದ ಮೇಲೆ ನನಗೆ ನನ್ನವರು ಅಂತ ಇರುವುದು ಆ ಒಂದು ಮನೆ. ಆಗಲಿ ಎಂದೆ.

ಮೂರು ತಿಂಗಳ ರವಿವಾರಗಳು ಅದಕ್ಕೇ ಹೋದವು. ಹಿಂದೆ ಬಾಡಿಗೆಗೆ ಓಡಿ ಸುಸ್ತಾದ ಒಂದು ಡೀಸೆಲ್ ಕಾರು ಸಿಕ್ಕಿತ್ತು. ಹಿಂದಿನ ಸೀಟು, ಕಿಟಕಿಗಳ ಗಾಜು, ಬಾಗಿಲಿನ ಒಳಪದರ ಕಿತ್ತು ಹಗುರ ಮಾಡಿದೆವು. ಮಗುಚಿದರೆ ತಲೆ ಉಳಿಯಲಿ ಎಂದು ಒಳಗೆ ಪೈಪಿನ ಪಂಜರ ಬೆಸೆದೆವು. ಇಂಜೆಕ್ಟರ್ ಬಿಚ್ಚಿ ಪರೀಕ್ಷೆ ಮಾಡಿಸಿ ಹಾಕಿದೆ, ಹೊಸ ಡೀಸೆಲ್ ಫಿಲ್ಟರ್ ಹಾಕಿದೆ, ಅದಿರಿನ ಧೂಳಿಗೆ ಏರ್ ಫಿಲ್ಟರಿನ ಬಾಯಿಗೆ ಸೊಳ್ಳೆಪರದೆ ಎರಡು ಮಡಿಕೆ ಕಟ್ಟಿದೆ. ಭಾವ ಕೆಲಸದ ಮಾತು ಮಾತ್ರ ಆಡುತ್ತಿದ್ದರು, ನಾನೂ ಅಷ್ಟೇ. ಅವರು ಹೋದ ಮೇಲೆ ಅವರು ಬಿಗಿದ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು ನೋಡುತ್ತಿದ್ದೆ. ಎಲ್ಲವೂ ಸರಿಯಾಗಿಯೇ ಇರುತ್ತಿದ್ದವು. ಅದೂ ನನಗೆ ಸರಿ ಕಾಣುತ್ತಿರಲಿಲ್ಲ.

ಓಟದ ಹಿಂದಿನ ದಿನ ಡೀಸೆಲ್ ತರುವ ಕೆಲಸ ಭಾವನದಾಗಿತ್ತು. ಅವರು ಕ್ಯಾನುಗಳನ್ನು ತುಂಬಿಸಿ ತಂದು ಅಂಕೋಲೆಯ ಒಬ್ಬ ಗ್ಯಾರೇಜ್ ಮೇಸ್ತ್ರಿಯ ಹತ್ತಿರ ಇಟ್ಟರು. ಆ ಮೇಸ್ತ್ರಿ ಭಾವನ ಹಳೇ ದೋಸ್ತ. ಓಟದಲ್ಲಿ ಅವನದೂ ಒಂದು ಕಾರು. ನನಗೆ ವಿಷಯ ಗೊತ್ತಾಗಿದ್ದು ಬೆಳಗ್ಗೆ ಬಯಲಿಗೆ ಬಂದ ಮೇಲೆ. ನಮ್ಮ ಕ್ಯಾನುಗಳು ಅವನ ಪಿಕಪ್ಪಿನಿಂದಲೇ ಇಳಿದವು, ಅವನ ಚಪ್ಪರವೂ ನಮ್ಮ ಪಕ್ಕಕ್ಕೇ ಬಿತ್ತು. ಬಾಯಿ ತುದಿಗೆ ಬಂದ ಮಾತನ್ನು ನುಂಗಿಕೊಂಡೆ.

ಎಂಟಕ್ಕೆ ಭಾವ ಹೊರಟರು. ಬಸ್ಸು ಓಡಿಸಿದ ಕೈ, ತಿರುವಿನಲ್ಲಿ ಒಂದಿಷ್ಟೂ ಅವಸರವಿಲ್ಲ. ಮೊದಲ ತಾಸು ಇಂಜಿನ್ ಸದ್ದು ಕೇಳುವುದಕ್ಕೇ ಹಿತವಾಗಿತ್ತು. ಒಂಬತ್ತಕ್ಕೆ ಒಳಗೆ ಬಂದರು. ಇಂಜಿನ್ ಬಂದ್. ಭಾವ ಇಳಿದರು, ಮೇಡಂ ಡೀಸೆಲ್ ತುಂಬಿದರು, ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಟ ನಡೆಸುವವರಲ್ಲಿ ಒಬ್ಬರು ನಿಂತರು. ನಾನು ಬಾನೆಟ್ಟು ತೆಗೆದೆ. ಎಣ್ಣೆ ನೋಡಿದೆ, ನೀರು ನೋಡಿದೆ, ಬೆಲ್ಟು ಒತ್ತಿ ನೋಡಿದೆ. ಆಮೇಲೆ ಬೋಟಿನಲ್ಲಿ ಇಂಜಿನ್ ನಿಂತ ಕೂಡಲೇ ನಾವೆಲ್ಲ ಮಾಡುವ ಕೆಲಸ ಮಾಡಿದೆ. ಡೀಸೆಲ್ ಫಿಲ್ಟರಿನ ತಳದಲ್ಲಿ ಒಂದು ಚಿಕ್ಕ ಸ್ಕ್ರೂ ಇರುತ್ತದೆ. ಅದನ್ನು ಒಂದು ಸುತ್ತು ಸಡಿಲಿಸಿ, ತಗಡಿನ ಡಬ್ಬಿಗೆ ಎರಡು ಚಮಚ ಡೀಸೆಲ್ ಇಳಿಸಿ, ತಳದಲ್ಲಿ ನೀರು ಕೂತಿದೆಯೇ ನೋಡಿ, ಬೆರಳಿನಲ್ಲೇ ತಿರುವಿ ಮುಚ್ಚುವುದು. ಸ್ಪ್ಯಾನರ್ ಹಾಕುವುದಿಲ್ಲ, ಹಾಕಿದರೆ ಒಳಗಿನ ರಬ್ಬರ್ ವಾಶರ್ ಬೇಗ ಸಾಯುತ್ತದೆ. ಸಮುದ್ರದಲ್ಲಿ ಡೀಸೆಲ್ಲಿಗೆ ನೀರು ಸೇರುವುದು ತಪ್ಪಿದ್ದಲ್ಲ, ಆದ್ದರಿಂದ ಈ ಕೆಲಸ ನಮಗೆ ಮೈಗೂಡಿದೆ. ಡಬ್ಬಿಯಲ್ಲಿ ನೀರಿರಲಿಲ್ಲ. ಬಾನೆಟ್ಟು ಮುಚ್ಚಿದೆ.

ಮೇಡಂ ಹೊರಟು ಅರ್ಧ ತಾಸಾಗಿರಬೇಕು, ಗಾಡಿ ಕೆಮ್ಮಿತು. ಉದ್ದನೆಯ ನೇರ ಹಾದಿಯಲ್ಲಿ ಕಾಲು ಪೂರ್ತಿ ಒತ್ತುವ ಕಡೆಯೇ ಇಂಜಿನ್ ಸೋಲುತ್ತಿತ್ತು, ತಿರುವಿನಲ್ಲಿ ಮತ್ತೆ ಸುಧಾರಿಸುತ್ತಿತ್ತು. ಹತ್ತು ಗಂಟೆಗೆ ಒಳಗೆ ಬಂದಾಗ ಅವರು ಹೆಲ್ಮೆಟ್ಟಿನೊಳಗಿಂದಲೇ ಹೇಳಿದರು.

"ಮೊದಲ ಅರ್ಧ ಗಂಟೆ ಏನೂ ಇರಲಿಲ್ಲ ಅಣ್ಣಾ. ಟಾಂಕಿ ಖಾಲಿ ಆಗ್ತಾ ಬಂದ ಹಾಗೆ ಜಾಸ್ತಿ ಆಗ್ತಾ ಹೋಯ್ತು."

ಟಾಂಕಿ ಖಾಲಿಯಾಗುತ್ತ ಬಂದ ಹಾಗೆ. ಆ ಮಾತು ನನ್ನ ತಲೆಯಲ್ಲಿ ಬೇರೆಯೇ ದಾರಿ ಹಿಡಿಯಿತು. ನೀರು ಡೀಸೆಲ್ಲಿಗಿಂತ ಭಾರ, ತಳಕ್ಕೆ ಕೂರುತ್ತದೆ. ಮೇಲಿನದು ಮುಗಿದ ಮೇಲೆ ಇಂಜಿನ್ನಿಗೆ ಹೋಗುವುದು ತಳದ್ದು. ಡೀಸೆಲ್ ಯಾರ ಗ್ಯಾರೇಜಿನಲ್ಲಿತ್ತು ಎಂಬುದು ನನಗೆ ಗೊತ್ತೇ ಇತ್ತು. ಈ ಸಲ ಫಿಲ್ಟರಿನ ಸ್ಕ್ರೂ ಎರಡು ಸುತ್ತು ಬಿಟ್ಟು ಅರ್ಧ ಡಬ್ಬಿ ಇಳಿಸಿದೆ. ಬಿಸಿಲಿಗೆ ಹಿಡಿದೆ. ನೀರಿಲ್ಲ. ಬೆರಳಿನಲ್ಲಿ ತಿರುವಿ ಮುಚ್ಚಿದೆ.

ಭಾವ ಹತ್ತಕ್ಕೆ ಹೊರಟು ಇಪ್ಪತ್ತು ನಿಮಿಷಕ್ಕೇ ಗಾಡಿ ಮತ್ತೆ ಕೆಮ್ಮಿತು. ಈ ಬಾರಿ ಮೊದಲಿಗಿಂತ ಜೋರು. ಫಿಲ್ಟರಿನಲ್ಲಿ ನೀರಿಲ್ಲ ಎಂದ ಮೇಲೆ ನಾನು ಬೇರೆ ಏನಾದರೂ ಯೋಚಿಸಬೇಕಿತ್ತು. ಯೋಚಿಸಿದೆ ಕೂಡ, ಆದರೆ ಅದೂ ಕ್ಯಾನುಗಳ ಸುತ್ತಲೇ ತಿರುಗಿತು. ನೀರಲ್ಲದಿದ್ದರೆ ಸೀಮೆಎಣ್ಣೆ ಇರಬಹುದು. ಕ್ಯಾನಿನ ಮುಚ್ಚಳ ತೆಗೆದು ಮೂಸಿದೆ. ಅಂಗೈಗೆ ಹಾಕಿ ತಿಕ್ಕಿದೆ. ಮುಚ್ಚಳದ ಸುತ್ತ ಕೆಂಪು ಧೂಳು ಅಳಿಸಿದ ಗುರುತಿತ್ತು. ಅಳಿಸಿದ್ದು ಡೀಸೆಲ್ ತುಂಬುವಾಗ ಮೇಡಂ ಎಂಬುದು ಹೊಳೆಯಲೇ ಇಲ್ಲ.

ಹನ್ನೊಂದಕ್ಕೆ ಗಾಡಿ ಬಂದಾಗ ಹದಿನೈದು ನಿಮಿಷ ತೆಗೆದುಕೊಂಡೆ. ಟಾಂಕಿಯ ಜಾಲರಿ ಬಿಚ್ಚಿ ತೊಳೆದೆ. ಏರ್ ಫಿಲ್ಟರಿನ ಸೊಳ್ಳೆಪರದೆ ಕೊಡವಿದೆ. ಡೀಸೆಲ್ ಪೈಪಿಗೆ ಗಾಳಿ ಸೇರಿಕೊಂಡಿದೆಯೇ ಎಂಬ ಯೋಚನೆ ಬಾರದೆ ಇರಲಿಲ್ಲ. ಪೈಪಿನ ಕೀಲುಗಳ ಮೇಲೆ, ಫಿಲ್ಟರಿನ ಸುತ್ತ ಬೆರಳು ಸವರಿ ನೋಡಿದೆ. ಎಲ್ಲಾ ಒಣ. ಎಲ್ಲೂ ಒಂದು ಹನಿ ಡೀಸೆಲ್ ಜಿನುಗಿರಲಿಲ್ಲ. ಜಿನುಗದ ಮೇಲೆ ಸಡಿಲವೆಲ್ಲಿಂದ ಬಂತು? ಕೊನೆಗೆ ಮತ್ತೊಮ್ಮೆ ಆ ಸ್ಕ್ರೂ ಬಿಟ್ಟು ನೀರು ಹುಡುಕಿದೆ, ಸಿಗಲಿಲ್ಲ, ಮುಚ್ಚಿದೆ.

ಮೇಡಂ ಓಡಿಸುತ್ತಿರುವಾಗ ಭಾವ ಪಕ್ಕದ ಚಪ್ಪರಕ್ಕೆ ಹೋಗಿ ಮೇಸ್ತ್ರಿಯ ಜೊತೆ ಎಳನೀರು ಕುಡಿಯುತ್ತ ಕೂತರು. ಮೇಸ್ತ್ರಿ ಏನೋ ಹೇಳಿದ, ಇಬ್ಬರೂ ನಕ್ಕರು. ಮೇಸ್ತ್ರಿಯ ಕಾರು ಆ ಹೊತ್ತಿಗೆ ಎರಡನೆಯ ಸ್ಥಾನದಲ್ಲಿತ್ತು, ಗಡಿಯಾರದ ಹಾಗೆ ಸುತ್ತುತ್ತಿತ್ತು. ನಾನು ಉಳಿದ ತಂಡದವರನ್ನೆಲ್ಲ ಬಿಟ್ಟು ಆ ಇಬ್ಬರನ್ನೇ ನೋಡುತ್ತ ನಿಂತೆ. ಭಾವ ಒಮ್ಮೆ ನನ್ನ ಕಡೆ ನೋಡಿ ಎಳನೀರು ಬೇಕೇ ಎಂದು ಕೈಯೆತ್ತಿ ಸನ್ನೆ ಮಾಡಿದರು. ಬೇಡ ಎಂದೆ. 

ಹನ್ನೆರಡಕ್ಕೆ ಮತ್ತೆ ಅದೇ ತಪಾಸಣೆ, ಅದೇ ಸ್ಕ್ರೂ, ಅದೇ ನೀರಿಲ್ಲದ ಡಬ್ಬಿ. ಭಾವ ಹೊರಟರು. ಹನ್ನೆರಡೂ ನಲವತ್ತಕ್ಕೆ ಗಾಡಿ ಹಾದಿಯ ನಡುವೆ ನಿಂತೇ ಬಿಟ್ಟಿತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದರು. ನನ್ನ ಬೀಗ ಹಾಕಿದ ಇಂಜಿನ್ನು ಎಲ್ಲರ ಮುಂದೆ ಹಗ್ಗ ಕಟ್ಟಿಸಿಕೊಂಡು ಬಂತು.

ಭಾವ ಇಳಿಯುವುದಕ್ಕೂ ಬಿಡದೆ ಕೇಳಿದೆ.

"ಭಾವಾ, ನಿನ್ನೆ ಗ್ಯಾರೇಜಿನ ಕೀಲಿ ಯಾರ ಹತ್ರ ಇತ್ತು?"

"ಯಾವ ಗ್ಯಾರೇಜು?"

"ನಮ್ಮ ಡೀಸೆಲ್ ಇಟ್ಟ ಗ್ಯಾರೇಜು."

ಅವರು ಹೆಲ್ಮೆಟ್ ತೆಗೆದರು. ಹಣೆಯ ತುಂಬ ಬೆವರು, ಬೆವರಿನ ಮೇಲೆ ಕೆಂಪು ಧೂಳು. "ಎಂತಾ ಕೇಳೂದು ಅದೆಯೋ ನೆಟ್ಟಗೆ ಕೇಳು."

"ಕೇಳೂದೆಂತ. ಡೀಸೆಲ್ಲಿಗೆ ಎಂತದೋ ಸೇರ್ಸಿದಾರೆ. ನಿಮ್ಮ ಮೇಸ್ತ್ರಿ ಸೇರ್ಸಿದ್ನೋ, ನೀವು ನೋಡ್ತಾ ನಿಂತಿದ್ರೋ ನಂಗೊತ್ತಿಲ್ಲ. ಬೆಳಗಿಂದ ನೀವಿಬ್ರೂ ಕೂತು ನಗೂದು ಮಾತ್ರ ಕಾಣ್ತಾ ಅದೆ."

ಭಾವ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ಎರಡು ವರ್ಷದ ಹಿಂದೂ ಇದೇ ಮುಖ ಮಾಡಿದ್ದೆ. ಅವತ್ತು ಕೇಳೂ ಇಲ್ಲ. ಇವತ್ತು ಬಾಯಾದ್ರೂ ಬಿಟ್ಟೆ," ಎಂದು ಹೇಳಿ, ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡೇ ಬಯಲು ದಾಟಿ ಸಮುದ್ರದ ಕಡೆಗೆ ನಡೆದರು.

ತಿರುಗಿ ನೋಡಿದರೆ ಅಕ್ಕ ನಿಂತಿದ್ದಳು. ನಮಗೆ ಊಟ ತಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕ್ಯಾರಿಯರ್ ನೆಲಕ್ಕಿಟ್ಟು ಅದರ ಮೇಲೆ ಕೈಯಿಟ್ಟುಕೊಂಡು ಕೂತಳು, ನನ್ನ ಮುಖ ನೋಡಲಿಲ್ಲ. ಅವಳು ಹೇಳಿದ್ದ ಹೊಸ್ತಿಲಿನ ಮಾತು ನೆನಪಾಯಿತು. ಆದರೆ ಬಾಯಿಂದ ಹೋದ ಮಾತಿಗೆ ಇನ್ನು ಆಧಾರ ಒದಗಿಸಬೇಕಿತ್ತು. ನಾನು ಸರಿ ಎಂದು ತೋರಿಸಿದರೆ ಅಕ್ಕನೂ ಒಪ್ಪುತ್ತಾಳೆ ಎಂದು ಆ ಹೊತ್ತಿನಲ್ಲಿ ನಿಜವಾಗಿಯೂ ನಂಬಿದ್ದೆ. ನೇರ ಪರೀಕ್ಷಕರ ಹತ್ತಿರ ಹೋಗಿ, ಅಂಕೋಲೆಯ ತಂಡದ ಮೇಲೆ ದೂರು ಬರೆದುಕೊಳ್ಳಿ ಎಂದೆ.

"ಬರ್ಕೊಂಡ್ರೆ ಅವರ ಗಾಡೀನೂ ನಿಲ್ಲಿಸ್ಬೇಕಾಗುತ್ತೆ," ಎಂದರು ಅವರು. "ಬಾಯಿ ಮಾತಿಗೆ ನಿಲ್ಲಿಸೋದಿಲ್ಲ. ತೋರಿಸಿ."

ಇಲ್ಲಿ ನಾನೊಂದು ತೀರ್ಮಾನ ಮಾಡಿದೆ. ಎಲ್ಲರ ಎದುರಿಗೇ ತೋರಿಸಿಬಿಡೋಣ ಎಂದುಕೊಂಡೆ. ಡೀಸೆಲ್ ಪೈಪಿನ ನಡುವೆ ಒಂದು ಪಾರದರ್ಶಕ ಪೈಪು ಹಾಕಿದರೆ ಒಳಗೆ ಹರಿಯುವುದು ಕಣ್ಣಿಗೆ ಕಾಣುತ್ತದೆ. ಕಲಬೆರಕೆ ಇದ್ದರೆ ಬಣ್ಣವೇ ಹೇಳುತ್ತದೆ. ಅಂಥ ಪೈಪು ನನ್ನ ಹತ್ತಿರ ಇರಲಿಲ್ಲ. ಇದ್ದದ್ದು ಮೇಸ್ತ್ರಿಯ ಹತ್ತಿರ, ಗಾರೆಯವರು ಗೋಡೆಯ ಮಟ್ಟ ನೋಡಲು ನೀರು ತುಂಬಿಸಿ ಹಿಡಿಯುವ ಪೈಪು. ಕಳ್ಳನೆಂದು ಕರೆದವನ ಹತ್ತಿರವೇ ಕಳ್ಳತನ ತೋರಿಸಲು ಪೈಪು ಕೇಳಬೇಕಾಯಿತು. ಅವನು ಒಂದು ಮೊಳ ಕತ್ತರಿಸಿ ಕೊಟ್ಟ, ತಾನೂ ಬಂದು ನಿಂತ.

ಫಿಲ್ಟರಿಗೂ ಪಂಪಿಗೂ ನಡುವೆ ಪೈಪು ಸೇರಿಸಿ, ಕ್ಲಿಪ್ಪು ಬಿಗಿದು, ಫಿಲ್ಟರಿನ ತಲೆಯ ಮೇಲಿನ ಕೈಪಂಪು ಒತ್ತಿ ಇಂಜಿನ್ ಶುರು ಮಾಡಿದೆ. ಬಣ್ಣ ಸರಿಯಾಗಿಯೇ ಇತ್ತು. ಮೇಡಂ ಆಕ್ಸಿಲರೇಟರ್ ಒತ್ತಿದರು. ಪೈಪಿನೊಳಗೆ ಗುಳ್ಳೆಗಳು ಓಡತೊಡಗಿದವು. ಒಂದಲ್ಲ ಎರಡಲ್ಲ, ಸಾಲು ಸಾಲು. ಸೋಡಾ ಬಾಟಲಿ ತೆರೆದ ಹಾಗೆ.

"ಗಾಳಿ," ಎಂದ ಮೇಸ್ತ್ರಿ.

"ಟಾಂಕಿ ಕಡೆಯಿಂದ ಬರ್ತಾ ಇರ್ಬಹುದು," ಎಂದೆ. ಟಾಂಕಿಯ ಜಾಲರಿ ಬಿಚ್ಚಿದ್ದೆನಲ್ಲ, ಅಲ್ಲೇನಾದರೂ ಸಡಿಲವಾಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಮೇಡಂ ಇಂಜಿನ್ ಬಂದ್ ಮಾಡಿ ಇಳಿದು ಬಂದರು. "ಊಹೆ ಬೇಡ ಅಣ್ಣಾ. ಇದೇ ಪೈಪನ್ನ ಫಿಲ್ಟರಿಗಿಂತ ಮುಂಚೆ ಹಾಕಿ ನೋಡೋಣ. ಅಲ್ಲೂ ಗುಳ್ಳೆ ಇದ್ರೆ ಟಾಂಕಿ ಕಡೆ. ಇಲ್ಲದಿದ್ರೆ ಫಿಲ್ಟರ್."

ಹಾಕಿದೆ. ಇಂಜಿನ್ ಶುರುವಾಯಿತು. ಪೈಪಿನೊಳಗೆ ಡೀಸೆಲ್ ಗಾಜಿನಂತೆ ನಿಂತಿತ್ತು, ಒಂದು ಗುಳ್ಳೆಯೂ ಇಲ್ಲ. ಟಾಂಕಿಯಿಂದ ಬಂದದ್ದು ಶುದ್ಧ, ಫಿಲ್ಟರ್ ದಾಟಿದ ಮೇಲೆ ಗಾಳಿ. ಮೇಸ್ತ್ರಿ ಪೈಪನ್ನು ಮತ್ತೆ ಮೊದಲಿನ ಜಾಗಕ್ಕೆ ಬದಲಿಸಲು ಹೇಳಿದ. ಗುಳ್ಳೆ ಮತ್ತೆ ಓಡುತ್ತಿರುವಾಗ, ಬೆರಳಿಗೆ ಒಂದು ಮುದ್ದೆ ಗ್ರೀಸು ತೆಗೆದುಕೊಂಡು ಫಿಲ್ಟರಿನ ತಳದ ಸ್ಕ್ರೂವಿನ ಸುತ್ತ ಮೆತ್ತಿದ. ಗುಳ್ಳೆ ನಿಂತಿತು.

ಬಾನೆಟ್ಟಿನ ಕೆಳಗೆ ಯಾರ ಕೈ ಮಾತ್ರ ಹೋಗಬೇಕು ಎಂದು ಬೆಳಗ್ಗೆಯೇ ಆ ಸಾಲಿನ ಚಪ್ಪರಗಳಿಗೆಲ್ಲ ಕೇಳುವಂತೆ ನಾನೇ ಹೇಳಿದ್ದೆ.

ತಪ್ಪು ಹೇಗಾಯಿತು ಎಂಬುದು ಅರ್ಥವಾಗಲು ನನಗೆ ನಿಮಿಷವೂ ಬೇಕಾಗಲಿಲ್ಲ. ನಮ್ಮ ಬೋಟುಗಳಲ್ಲಿ ಡೀಸೆಲ್ ಟಾಂಕಿ ಇಂಜಿನ್ನಿಗಿಂತ ಎತ್ತರದಲ್ಲಿರುತ್ತದೆ. ಡೀಸೆಲ್ ತಾನಾಗಿ ಕೆಳಗೆ ಇಳಿಯುತ್ತದೆ. ಸ್ಕ್ರೂ ಸಡಿಲವಿದ್ದರೆ ಹೊರಗೆ ತೊಟ್ಟಿಕ್ಕುತ್ತದೆ, ಕೈಗೆ ಹತ್ತುತ್ತದೆ, ಇನ್ನೊಂದು ಚೂರು ತಿರುವುತ್ತೇವೆ. ಒಣಗಿದ್ದರೆ ಬಿಗಿಯಿದೆ ಎಂದೇ ಲೆಕ್ಕ. ಕಾರಿನಲ್ಲಿ ಟಾಂಕಿ ಹಿಂದೆ, ಕೆಳಗೆ. ಪಂಪು ಡೀಸೆಲ್ಲನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ಅಲ್ಲಿ ಸ್ಕ್ರೂ ಸಡಿಲವಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಟಾಂಕಿ ಖಾಲಿಯಾದಷ್ಟೂ ಎಳೆತ ಹೆಚ್ಚು, ಗಾಳಿಯೂ ಹೆಚ್ಚು. ನಾನು ಬೆರಳು ಸವರಿ ಒಣ ಎಂದು ಸಮಾಧಾನ ಪಟ್ಟದ್ದೇ ತಪ್ಪಿನ ಗುರುತಾಗಿತ್ತು. ಮೊದಲ ಸಲ ಸ್ಕ್ರೂ ಬಿಟ್ಟದ್ದು ಅಭ್ಯಾಸಬಲದಿಂದ. ಆಮೇಲಿನ ಮೂರು ಸಲ ಬಿಟ್ಟದ್ದು ಭಾವನ ಕಳ್ಳತನ ಹುಡುಕುವುದಕ್ಕೆ. ಹುಡುಕಿದಷ್ಟೂ ವಾಶರ್ ಕೆಟ್ಟಿತು, ಗಾಡಿ ಇನ್ನಷ್ಟು ಕೆಮ್ಮಿತು, ನನ್ನ ಸಂಶಯ ಇನ್ನಷ್ಟು ಗಟ್ಟಿಯಾಯಿತು.

ಹೊಸ ವಾಶರ್ ಹಾಕಿ, ಸ್ಪ್ಯಾನರಿನಿಂದ ಹದವಾಗಿ ಬಿಗಿದು, ಗಾಳಿ ಪೂರ್ತಿ ತೆಗೆದು, ಪರೀಕ್ಷಕರು ಮತ್ತೊಮ್ಮೆ ನೋಡಿ ಒಪ್ಪುವಾಗ ಎರಡು ಗಂಟೆ. ದೂರು ಏನಾಯಿತು ಎಂದು ಅವರು ಕೇಳಲಿಲ್ಲ. ಮೇಡಂ ಹತ್ತಿ ಕೂತು ಬೆಲ್ಟು ಬಿಗಿದುಕೊಳ್ಳುತ್ತ ಹೇಳಿದರು: "ಮೂರಕ್ಕೆ ನಾನು ಇಳೀಲೇಬೇಕು. ಆಮೇಲೆ ಒಂದು ತಾಸು ಓಡಿಸೋರು ಇಲ್ಲ."

ಅಕ್ಕನ ಹತ್ತಿರ ಹೋಗಿ ನಿಂತೆ. ಅವಳಿಗೆ ಗುಳ್ಳೆಯ ವಿಷಯವೆಲ್ಲ ಆಗಲೇ ಗೊತ್ತಾಗಿತ್ತು.

"ನನ್ನ ಹತ್ರ ಎಂತಕೆ ಬಂದೆ?" ಎಂದಳು. "ಬೈದದ್ದು ನಂಗಾ?"

ಬೇಲೆಕೇರಿಯ ದಂಡೆಯಲ್ಲಿ ದೋಣಿಗಳನ್ನು ಮರಳಿಗೆ ಎಳೆದಿಟ್ಟಿದ್ದರು. ಅಂಥದೊಂದು ದೋಣಿಯ ಅಂಚಿನಲ್ಲಿ ಭಾವ ಕೂತಿದ್ದರು, ಪಕ್ಕದಲ್ಲಿ ಹೆಲ್ಮೆಟ್. ಬಯಲಿನಿಂದ ಕಾರುಗಳ ಸದ್ದು ಅಲ್ಲಿಗೂ ಕೇಳುತ್ತಿತ್ತು. ನಾನು ಬರುವುದು ಕಂಡರೂ ಏಳಲಿಲ್ಲ.

"ನಮ್ಮ ಗಾಡಿ ಶಬ್ದ ಈಗ ಚಲೋ ಆಯ್ತಲ," ಎಂದರು.

"ಫಿಲ್ಟರಿನ ಕೆಳಗಿನ ಸ್ಕ್ರೂ ಭಾವಾ. ಗಾಳಿ ಎಳೀತಿತ್ತು. ಬಿಟ್ಟದ್ದು ನಾನೇ."

"ಡೀಸೆಲ್ಲಲ್ಲಿ?"

"ಎಂತದೂ ಇಲ್ಲ. ತಪ್ಪಾಯ್ತು."

ಅವರು ಮರಳಿನ ಮೇಲೆ ಕಾಲಿನಿಂದ ಗೆರೆ ಎಳೆಯುತ್ತಿದ್ದರು. "ತಾಂಡೇಲನ ವಿಷಯವೂ ಈಗ್ಲೇ ಕೇಳ್ಬಿಡು. ಇನ್ನೆರಡು ವರ್ಷ ಯಾಕೆ ಇಟ್ಕಣೂದು?"

"ಎಂತಾ ಹೇಳಿದ್ರಿ ಅವಂಗೆ?"

"ಹೇಳಿದ್ದು ಹೌದು," ಎಂದರು. "ಅವ ಕೇಳ್ದ, ನಿನ್ನ ಹೆಂಡ್ತಿ ತಮ್ಮನ ಕೆಲ್ಸ ಹೆಂಗೆ ಹೇಳಿ. ಕೈ ಬಾಳ ಚಲೋ, ಅವನಷ್ಟು ಇಂಜಿನ್ ಗೊತ್ತಿದ್ದವ ಈ ದಕ್ಕೇಲಿ ಇಲ್ಲ ಅಂದೆ. ಆದ್ರೆ ತಪ್ಪು ತನ್ನದೇ ಆದ್ರೆ ಅವಂಗೆ ಕಡೀಗೆ ಕಾಣ್ತದೆ, ಅಷ್ಟೊತ್ತಿಗೆ ಊರ ಮಂದೀನೆಲ್ಲಾ ಒಂದ್ಸಲ ಬೈದಾಗಿರ್ತದೆ ಹೇಳೂ ಅಂದೆ. ಅವ ಮೊದಲಿಂದು ಬಿಟ್ಟ, ಎರಡನೇದು ಹಿಡ್ಕಂಡ. ನಂಗೂ ಬೇಜಾರಾಯ್ತು. ಹೇಳ್ಬೇಕು ಅಂದ್ರೆ ನೀ ಮಾತು ಬಿಟ್ಟಿದ್ದೆ."

ಎರಡು ವರ್ಷ ನಾನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸಂಶಯ ನಿಜವಾಗಿತ್ತು. ಅವರು ಹೇಳಿಯೇ ಇದ್ದರು. ಸಿಟ್ಟು ಬರುತ್ತದೆ ಎಂದು ಕಾದೆ. ಬೆಳಗಿನಿಂದ ನಡೆದದ್ದನ್ನೆಲ್ಲ ನೋಡಿದ ಮೇಲೆ ಅವರ ಮಾತಿನಲ್ಲಿ ತೆಗೆದುಹಾಕುವಂಥ ಒಂದು ಶಬ್ದವೂ ಕಾಣಲಿಲ್ಲ. ಬಂದದ್ದು ದುಃಖ. ದೋಣಿಯ ಇನ್ನೊಂದು ತುದಿಯಲ್ಲಿ ಕೂತೆ.

"ಬನ್ನಿ ಭಾವಾ. ಕಡೇ ತಾಸು ಅದೆ."

"ಬತ್ತೆ. ಒಂದು ಮಾತು. ಮೂರು ಗಂಟೆಗೆ ಗಾಡಿ ನಿಂತಾಗ ಬಾನೆಟ್ಟು ನೀ ತೆಗೀಬಾರ್ದು. ಮೇಸ್ತ್ರಿ ನೋಡ್ತಾನೆ. ನೀ ಹತ್ತು ಹೆಜ್ಜೆ ದೂರ ನಿಂತ್ಕಣ್ಬೇಕು. ಬಾಯೂ ಹಾಕ್ಬಾರ್ದು."

"ಅವ ಎದುರಿನ ತಂಡದವ."

"ಹೌದು. ಅದ್ಕೇ."

ಒಪ್ಪಿದೆ. ಒಪ್ಪುವುದಕ್ಕೆ ಎಷ್ಟು ಹೊತ್ತು ಬೇಕಾಯಿತು ಎಂದು ಬರೆಯುವುದಿಲ್ಲ.

ಮೂರು ಗಂಟೆಗೆ ಗಾಡಿ ಒಳಗೆ ಬಂತು. ಇಡೀ ತಾಸು ಒಮ್ಮೆಯೂ ಕೆಮ್ಮಿರಲಿಲ್ಲ. ಮೇಡಂ ಇಳಿದರು, ಭಾವ ಡೀಸೆಲ್ ತುಂಬಿದರು. ಅದೇ ಕ್ಯಾನು, ಅದೇ ಡೀಸೆಲ್. ಮೇಸ್ತ್ರಿ ನನ್ನ ಕಡೆ ಒಮ್ಮೆ ನೋಡಿ ಬಾನೆಟ್ಟು ಎತ್ತಿದ. ನಾನು ಹತ್ತು ಹೆಜ್ಜೆ ಎಣಿಸಿ ನಿಂತಿದ್ದೆ, ಕೈ ಎರಡೂ ಕಂಕುಳಲ್ಲಿ. ಬಾನೆಟ್ಟು ಅಡ್ಡವಾಗಿ ಅವನ ತಲೆ ಕಾಣುತ್ತಿರಲಿಲ್ಲ. ಮೊಣಕೈ ಮಾತ್ರ ಅಲ್ಲಾಡುತ್ತಿತ್ತು. ಎಣ್ಣೆ ನೋಡುವವನ ಮೊಣಕೈ ಅಷ್ಟು ಕೆಳಗೆ ಹೋಗುವುದಿಲ್ಲ. ಏನು ಮುಟ್ಟುತ್ತಿದ್ದಾನೆ? ಒಂದು ಹೆಜ್ಜೆ ಮುಂದಿಟ್ಟೆ. ಅಕ್ಕ ಪಕ್ಕಕ್ಕೆ ಬಂದು ನಿಂತಿದ್ದು ಆಗಲೇ ಗೊತ್ತಾಯಿತು.

"ಒಂಬತ್ತು ಹೆಜ್ಜೆ ಆಯ್ತು," ಎಂದಳು.

ಹಿಂದೆ ಸರಿದೆ. ನನ್ನ ಕೆಲಸದಲ್ಲಿ ಅಷ್ಟು ಉದ್ದದ ಐದು ನಿಮಿಷ ಮತ್ತೊಂದಿಲ್ಲ. ನಡುಸಮುದ್ರದಲ್ಲಿ ಇಂಜಿನ್ ಕೈಕೊಟ್ಟಾಗಲೂ ಕೈಗೆ ಕೆಲಸವಿರುತ್ತದೆ. ಇಲ್ಲಿ ಸುಮ್ಮನೆ ನಿಲ್ಲುವುದೇ ಕೆಲಸ. ಮೇಸ್ತ್ರಿ ಬಾನೆಟ್ಟು ಮುಚ್ಚಿ, ಮೇಲೆ ಎರಡು ಸಲ ತಟ್ಟಿದ. ಭಾವ ಹೊರಟರು.

ಇಪ್ಪತ್ತು ನಿಮಿಷ ಕಳೆಯುವ ತನಕ ನಾನು ನೇರ ಹಾದಿಯ ಕಡೆಗೇ ಕಿವಿ ಕೊಟ್ಟಿದ್ದೆ. ಮಧ್ಯಾಹ್ನದ ಸಮುದ್ರದ ಗಾಳಿ ಎದ್ದು ಬಯಲೆಲ್ಲ ಕೆಂಪಾಗಿತ್ತು. ಕಾರುಗಳು ಕಾಣುತ್ತಿರಲಿಲ್ಲ, ಶಬ್ದ ಮಾತ್ರ. ನಮ್ಮದು ಪ್ರತಿ ಸಲವೂ ಬಂತು, ಹೋಯಿತು. ಅರ್ಧ ತಾಸು, ಮುಕ್ಕಾಲು ತಾಸು. ಕಾಲು ಪೂರ್ತಿ ಒತ್ತುವ ಕಡೆಯೂ ಇಂಜಿನ್ ಸೋಲಲಿಲ್ಲ. ನಾಲ್ಕಕ್ಕೆ ಬಾವುಟ ಬಿತ್ತು. ಧೂಳಿನೊಳಗಿಂದ ನಮ್ಮ ಗಾಡಿ ಬಸ್ಸು ಸ್ಟ್ಯಾಂಡಿಗೆ ಬಂದಷ್ಟು ನಿಧಾನವಾಗಿ ಬಂದು ಗೆರೆ ದಾಟಿತು. ಒಂಬತ್ತರಲ್ಲಿ ನಾವು ಏಳನೆಯವರು. ಮೇಡಂ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು, ಆಮೇಲೆ ಅತ್ತದ್ದಕ್ಕೆ ನಕ್ಕರು. ನನ್ನ ಕಣ್ಣೂ ಒದ್ದೆಯಾಗಿತ್ತು, ಧೂಳು ಎಂದು ಹೇಳಿಕೊಂಡೆ.

ಭಾವ ಇಳಿದು, ಹೆಲ್ಮೆಟ್ ತೆಗೆದು, ಬಾನೆಟ್ಟಿಗೆ ಒರಗಿ ನಿಂತರು. "ಓಟ ಮುಗೀತಲ. ಈಗ ತೆಗ್ದು ನೋಡು. ಮೇಸ್ತ್ರಿ ಒಳಗೆ ಎಂತಾ ಮಾಡಿದಾನೆ ನೋಡು."

ಮೇಸ್ತ್ರಿ ಅಲ್ಲೇ ನಿಂತಿದ್ದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಬ್ಯಾಡ," ಎಂದೆ.

ಅಕ್ಕ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಒಳಗೆ ಕೆರೀತಾ ಅದೆ ಅಲ್ದಾ?"

"ಹೌದು."

ಅವಳು ನಕ್ಕಳು. "ಕೆರೀಲಿ. ಬಾ, ಹಂಗೇ ಕೂತು ಉಣ್ಣು. ಯಾರೂ ಉಂಡಿಲ್ಲ ಇನ್ನೂ."

ಚಪ್ಪರದ ನೆರಳಿನಲ್ಲಿ ಎಲ್ಲರೂ ಸುತ್ತ ಕೂತೆವು. ಅಕ್ಕ ಅನ್ನ ಬಡಿಸಿದಳು, ಬಂಗಡೆ ಸಾರು ಹಾಕಿದಳು. ನಾನು ಕೂತಲ್ಲಿಂದ ಕಾರು ನೇರ ಎದುರಿಗೆ ಕಾಣುತ್ತಿತ್ತು. ತುತ್ತು ಬಾಯಿಗಿಡುತ್ತ ಅತ್ತ ನೋಡುತ್ತಿದ್ದೆ. ಭಾವ ನನ್ನ ಕಣ್ಣು ಹೋದ ಕಡೆ ಒಮ್ಮೆ ನೋಡಿದರು. ಆಮೇಲೆ ತಟ್ಟೆ ಹಿಡಿದುಕೊಂಡು ಎದ್ದು, ನನಗೂ ಕಾರಿಗೂ ನಡುವೆ ಬಂದು ಕೂತರು.